ಸಂಚಿ ಹಿಡಿದ ಕೈ ಕಟ್ಟಿದ ಹಾಡು

ಹೆಣ್ಣಿನ ಬಲವನ್ನು ಸಾರುವ ಹಾಡು ಎಂದೊಡನೆ ನಮ್ಮ ಹುಡುಗಿಯರಿಗೆ ನೆನಪಾಗುವುದು ಇಂಗ್ಲಿಷ್ ಪಾಪ್ ಗೀತೆಗಳು. ಆದರೆ ಮುನ್ನೂರು ವರ್ಷಗಳ ಹಿಂದೆಯೇ ಮೈಸೂರು ಸೀಮೆಯ ಹೆಣ್ಣೊಬ್ಬಳು ಅಂಥ ಹಾಡು ಕಟ್ಟಿದ್ದಳು.

ನಂಜನಗೂಡಿನ ಬಳಿಯ ಕಳಲೆ ಮೈಸೂರು ಅರಸರಿಗೆ ದಳವಾಯಿಗಳನ್ನು ಕೊಟ್ಟ ಊರು. ಖಡ್ಗ ಹಿಡಿದ ಅವರ ಹೆಸರು ಚರಿತ್ರೆಯಲ್ಲಿದೆ. ಅದೇ ಸೀಮೆಯ ಯಳಂದೂರಿನ ಹೊನ್ನಮ್ಮ ಹಿಡಿದದ್ದು ಎಲೆ ಅಡಿಕೆಯ ಸಂಚಿ. ಚಿಕ್ಕದೇವರಾಜ ಒಡೆಯರ (1673-1704) ಅರಮನೆಯಲ್ಲಿ ಆಕೆ ಊಳಿಗದವಳು. ಅಲ್ಲಿಯೇ 'ಹದಿಬದೆಯ ಧರ್ಮ' ಬರೆದಳು. ಆರಿಸಿಕೊಂಡದ್ದು ಸಾಂಗತ್ಯ. ಓದು ಬಾರದವರೂ ಕೇಳಿ ಕಲಿತು ಹಾಡಬಹುದಾದ ಧಾಟಿ ಅದು.

ಕೃತಿಯ ಬಹುಪಾಲು ಪತಿಸೇವೆಯ ಉಪದೇಶವೇ ನಿಜ. ಆದರೆ ಅದರ ನಡುವೆಯೇ, ಹೆತ್ತ ತಾಯಿಯೂ ಹೆಣ್ಣೆಂಬುದನ್ನು ಮರೆತು ಹೆಣ್ಣನ್ನು ಜರೆಯುವವರನ್ನು ಆಕೆ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಮಗ ಹುಟ್ಟಿದರೆ ಹಿಗ್ಗಿ, ಮಗಳು ಹುಟ್ಟಿದರೆ ಕುಗ್ಗುವುದನ್ನು ಒಪ್ಪುವುದಿಲ್ಲ. ಇಂದಿಗೂ ಜನರ ನೆನಪಿನಲ್ಲಿ ಉಳಿದಿರುವುದು ಉಪದೇಶವಲ್ಲ, ಆ ಪ್ರಶ್ನೆಯೇ.

ಹಾಡು ಬರೆಯಬಯಸುವ ಸಹೋದರಿಯರೇ, ದೊಡ್ಡ ಘೋಷಣೆ ಬೇಕಿಲ್ಲ. ಹೊಲಿಗೆ ಯಂತ್ರ ತುಳಿದು ಮಕ್ಕಳನ್ನು ಓದಿಸಿದ ತಾಯಿ ನಿಮ್ಮ ಬೀದಿಯಲ್ಲೇ ಇರಬಹುದು. ನಿಮ್ಮ ಮನೆಯ ಮಾತಿನಲ್ಲಿ, ಎಲ್ಲರ ನಾಲಿಗೆಗೂ ಒಗ್ಗುವ ಧಾಟಿಯಲ್ಲಿ ಅವಳ ಬಗ್ಗೆ ನಾಲ್ಕು ಸಾಲು ಬರೆಯಿರಿ. ಮೊದಲು ಅವಳಿಗೇ ಹಾಡಿ ಕೇಳಿಸಿ.