ಆ ಒಂದು ತಾಸು ಎಲ್ಲಿಂದ ಬಂತು?

ಕ್ಯಾಲಿಫೋರ್ನಿಯಾದ ಬೆಳಗಿನ ಒಂಬತ್ತು ಗಂಟೆಯ ಮೀಟಿಂಗ್ ಎಂದರೆ ಹೈದರಾಬಾದಿನ ಗಚ್ಚಿಬೌಲಿಯಲ್ಲಿ ರಾತ್ರಿ ಒಂಬತ್ತೂವರೆ. ಇದು ಬೇಸಿಗೆಯ ಲೆಕ್ಕ. ನವೆಂಬರಿನ ಮೊದಲ ಭಾನುವಾರ ಅಲ್ಲಿನವರು ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಆಗ ಇಲ್ಲಿ ಅದೇ ಮೀಟಿಂಗ್ ಹತ್ತೂವರೆಗೆ ಜಾರುತ್ತದೆ. ಮುಗಿಯುವಾಗ ಹನ್ನೊಂದೂವರೆ. ಲ್ಯಾಪ್‌ಟಾಪ್ ಮುಂದೆಯೇ ಊಟದ ಶಾಸ್ತ್ರ ಮುಗಿದಿರುತ್ತದೆ, ಕಣ್ಣಿಗೆ ನಿದ್ದೆ ಹತ್ತುವುದು ಹನ್ನೆರಡೂವರೆಗೆ. ಫೋನಿನಲ್ಲಿ ಮಾತ್ರ ವಾಕಿಂಗಿಗೆಂದು ಐದು ಗಂಟೆಗೆ ಅಲಾರಂ ಇಟ್ಟಿರುತ್ತದೆ. ಅದು ಹೊಡೆದುಕೊಂಡಾಗ ಮೀಟಿಂಗ್ ಮುಗಿಸಿ ಮಲಗಿದಾತ ಆರಿಸಿ ಮಗ್ಗುಲು ಬದಲಿಸಿದರೆ ಅವನನ್ನು ಸೋಮಾರಿ ಎನ್ನುವುದು ಅನ್ಯಾಯ. ನಾಲ್ಕೂವರೆ ತಾಸು ಮಲಗಿದವನನ್ನು ಎಬ್ಬಿಸಿ ಓಡಿಸುವುದು ಆರೋಗ್ಯದ ಕೆಲಸವೂ ಅಲ್ಲ. ದೊಡ್ಡವರಿಗೆ ಏಳು ತಾಸಿನ ನಿದ್ದೆಯಾದರೂ ಬೇಕು ಎಂದು ವೈದ್ಯರು ಹೇಳುತ್ತಲೇ ಇದ್ದಾರೆ.

ಬೆಳಗಿನ ವ್ಯಾಯಾಮದ ಬಗ್ಗೆ ನಮಗೆ ಸಿಗುವ ಉಪದೇಶವೆಲ್ಲ ಛಲದ ಸುತ್ತಲೇ ಸುತ್ತುತ್ತದೆ. ಮನಸ್ಸು ಮಾಡಿ, ಹಾಸಿಗೆ ಬಿಟ್ಟೇಳಿ, ಶೂ ಕಟ್ಟಿ. ಆದರೆ ವಾಕಿಂಗಿಗೆ ಕೊಡುವ ಆ ಒಂದು ತಾಸು ಆಕಾಶದಿಂದ ಉದುರುವುದಿಲ್ಲ. ಸ್ವಂತ ನಿದ್ದೆಯಿಂದಲೋ, ಆಫೀಸಿನಿಂದಲೋ, ಮನೆಯಲ್ಲಿರುವ ಇನ್ನೊಬ್ಬರ ಬೆಳಗಿನಿಂದಲೋ ಅದನ್ನು ಕಿತ್ತುಕೊಳ್ಳಲೇಬೇಕು. ಕಿತ್ತದ್ದು ಯಾರಿಂದ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಹೈದರಾಬಾದಿನಲ್ಲಿ ಬದುಕುವವರಿಗೆ ಈ ಲೆಕ್ಕ ಕಣ್ಣಿಗೆ ರಾಚುವಷ್ಟು ಸ್ಪಷ್ಟ. ಮಧ್ಯರಾತ್ರಿಯವರೆಗೆ ಬಿರಿಯಾನಿ ತಿಂದು, ಇರಾನಿ ಚಹಾ ಕುಡಿದು, ಆಮೇಲೆ ಮನೆ ಕಡೆ ಮುಖ ಮಾಡುವ ಊರಿದು. ಅದೇ ಊರಿನಲ್ಲಿ ನಸುಕಿಗೆ ಎದ್ದು ಬೆವರು ಸುರಿಸುವವರ ದಂಡೂ ಇದೆ.

ಈ ಊರಿನ ಅತಿ ಪ್ರಸಿದ್ಧ ಬೆಳಗುಗಳನ್ನೇ ನೋಡಿ. ಬ್ಯಾಡ್ಮಿಂಟನ್ ಆಟಗಾರ್ತಿ ಸೈನಾ ನೆಹ್ವಾಲ್ ಚಿಕ್ಕವರಿದ್ದಾಗ ಅವರ ತಂದೆ ರಾಜೇಂದ್ರನಗರದಲ್ಲಿ ಎಣ್ಣೆಕಾಳು ಸಂಶೋಧನೆಯ ಕೇಂದ್ರ ಸಂಸ್ಥೆಯಲ್ಲಿ ವಿಜ್ಞಾನಿ. ಮಗಳನ್ನು ನಸುಕಿನಲ್ಲಿ ಎಬ್ಬಿಸಿ, ಸ್ಕೂಟರಿನ ಮೇಲೆ ಕೂರಿಸಿಕೊಂಡು ಬಷೀರ್‌ಬಾಗಿನ ಲಾಲ್ ಬಹಾದುರ್ ಕ್ರೀಡಾಂಗಣಕ್ಕೆ ಕರೆದೊಯ್ಯುತ್ತಿದ್ದರು. ಹುಡುಗಿ ಹಿಂದಿನ ಸೀಟಿನಲ್ಲಿ ತೂಕಡಿಸಿ ಬಿದ್ದೀತೆಂದು ತಾಯಿಯೂ ಅದೇ ಸ್ಕೂಟರ್ ಹತ್ತತೊಡಗಿದರು. ಒಂದು ಮಗುವಿನ ಆಟಕ್ಕೆ ಮೂರು ಜನರ ನಿದ್ದೆ. ಪಿ.ವಿ. ಸಿಂಧು ಅವರದ್ದೂ ಇಂಥದೇ ಕಥೆ. ಸಿಕಂದರಾಬಾದ್ ಕಡೆಯ ಮನೆಯಿಂದ ಗಚ್ಚಿಬೌಲಿಯ ಪುಲ್ಲೇಲ ಗೋಪಿಚಂದ್ ಅಕಾಡೆಮಿಗೆ ಹೋಗಿ ಬರುವುದು ದಿನಕ್ಕೆ 56 ಕಿಲೋಮೀಟರ್ ಎಂದು ಆಗಿನ ಪತ್ರಿಕೆಗಳು ಬರೆದವು. ಕರೆದೊಯ್ಯುತ್ತಿದ್ದವರು ತಂದೆ ರಮಣ. ಸ್ವತಃ ಅರ್ಜುನ ಪ್ರಶಸ್ತಿ ಪಡೆದ ವಾಲಿಬಾಲ್ ಆಟಗಾರ, ರೈಲ್ವೆ ನೌಕರ. 2016ರ ರಿಯೊ ಒಲಿಂಪಿಕ್ಸ್‌ಗೆ ಮುನ್ನ ಅವರು ತಿಂಗಳುಗಟ್ಟಲೆ ರಜೆ ಹಾಕಿದ್ದರು. ಆ ಬೆಳಗುಗಳ ಬೆಲೆ ಅಂದರೆ ಅವರ ರಜೆಯ ಖಾತೆ. ಕೋಚ್ ಗೋಪಿಚಂದ್ ಇನ್ನೂ ಒಂದು ಕೆಲಸ ಮಾಡಿದ್ದರು. ಸಿಂಧು ಅವರ ಮೊಬೈಲನ್ನು ಮೂರು ತಿಂಗಳು ತಾವೇ ಇಟ್ಟುಕೊಂಡು, ಬೆಳ್ಳಿ ಪದಕ ಬಂದ ಮೇಲೆ ಮರಳಿಸಿದರು. ನಸುಕಿನ ತರಬೇತಿ ನಿಲ್ಲುವುದು, ಬೀಳುವುದು ಹಿಂದಿನ ರಾತ್ರಿಯ ಮೇಲೆ ಎಂಬುದು ಆ ಮೇಷ್ಟ್ರಿಗೆ ಗೊತ್ತಿತ್ತು. ಸಾಫ್ಟ್‌ವೇರ್ ಕಂಪನಿಗಳಲ್ಲಿ ರಾತ್ರಿ ಫೋನ್ ಕಸಿದುಕೊಳ್ಳುವ ಮೇಷ್ಟ್ರು ಇಲ್ಲ. ಇರುವವರೆಲ್ಲ ಫೋನ್ ಮಾಡುವವರೇ.

ಪದಕದ ಆಸೆಯಿಲ್ಲದ ನಮ್ಮಂಥವರಿಗೆ ಇಷ್ಟು ದೂರದ ಬೆಳಗು ದಕ್ಕುವುದಿಲ್ಲ. ನಾನು ಕಂಡಂತೆ ಇಲ್ಲಿ ವರ್ಷಗಟ್ಟಲೆ ತಪ್ಪದೆ ನಡೆಯುವವರ ಗುಟ್ಟು ಒಂದೇ: ಮನೆ ಬಾಗಿಲಿಂದ ಹತ್ತು ನಿಮಿಷದೊಳಗೆ ನಡೆಯುವ ಜಾಗವಿದೆ. ಜುಬಿಲಿ ಹಿಲ್ಸ್, ಬಂಜಾರಾ ಹಿಲ್ಸ್‌ನವರಿಗೆ ಕೆ.ಬಿ.ಆರ್. ಪಾರ್ಕ್ ಇದೆ. ಮಾಜಿ ಮುಖ್ಯಮಂತ್ರಿ ಕಾಸು ಬ್ರಹ್ಮಾನಂದ ರೆಡ್ಡಿಯವರ ಹೆಸರಿನ ಈ 350 ಎಕರೆ ಮೀರಿದ ಕುರುಚಲು ಕಾಡು, ಊರ ನಡುವೆಯೇ ಇರುವ ರಾಷ್ಟ್ರೀಯ ಉದ್ಯಾನ. ಒಳಗೆ ನಿಜಾಮರ ಮನೆತನದ ಚಿರಾನ್ ಅರಮನೆ, ಬಂಡೆಗಳ ಮೇಲೆ ನವಿಲು. ಬೆಳಿಗ್ಗೆ ಗೇಟಿನ ಮುಂದೆ ನಿಂತ ಕಾರುಗಳನ್ನು ನೋಡಿದರೆ ಇದು ಪಾರ್ಕೋ ಶೋರೂಮೋ ಎಂಬ ಅನುಮಾನ ಬರುತ್ತದೆ. ನಡೆಯಲಿಕ್ಕೆಂದು ಕಾರಿನಲ್ಲಿ ಬರುವುದನ್ನು ಆಡಿಕೊಂಡು ನಗುವುದು ಸುಲಭ. ಆದರೆ 2016ರಲ್ಲಿ ಪಾರ್ಕಿನ ಸುತ್ತ ಮೇಲ್ಸೇತುವೆಗಳಿಗಾಗಿ ಮರ ಕಡಿಯುವ ಯೋಜನೆ ಬಂದಾಗ ಬೀದಿಗಿಳಿದವರಲ್ಲಿ ಈ ವಾಕರ್‌ಗಳೂ ಇದ್ದರು. ದಿನಾ ನಡೆಯುವವನಿಗೆ ಮರದ ಪರಿಚಯ ಆಗಿರುತ್ತದೆ.

ಗೇಟಿನ ಹೊರಗಿನ ತಳ್ಳುಗಾಡಿಗಳನ್ನು ಹತ್ತಿರ ಹೋಗಿ ನೋಡಬೇಕು. ಸ್ಟೀಲ್ ಪಾತ್ರೆಯ ತುಂಬ ರಾಗಿ ಜಾವ, ಪಕ್ಕದಲ್ಲಿ ಜೋಳದ ಜಾವ. ನಮ್ಮ ಕಡೆಯ ಅಂಬಲಿಗೆ ಇಲ್ಲಿನ ಹೆಸರು. ಮಜ್ಜಿಗೆ ಬೆರೆಸಿ, ಹೆಚ್ಚಿದ ಈರುಳ್ಳಿ ಉದುರಿಸಿ ಗ್ಲಾಸಿಗೆ ಸುರಿಯುತ್ತಾರೆ. ಇನ್ನೊಂದು ಗಾಡಿಯಲ್ಲಿ ಮೊಳಕೆ ಕಾಳು, ಸೋರೆಕಾಯಿ ರಸ, ಬೂದುಗುಂಬಳದ ರಸ, ಹಾಗಲದ ರಸ. ಹಾಗಲದ ರಸ ಕುಡಿದವರ ಮುಖ ನೋಡುವುದಕ್ಕಾದರೂ ಒಮ್ಮೆ ನಸುಕಿಗೆ ಎದ್ದು ಹೋಗಬಹುದು. ಅದೇ ಜನರಲ್ಲಿ ಕೆಲವರು ಅರ್ಧ ತಾಸಿನ ನಂತರ ಚಹಾದಂಗಡಿಯಲ್ಲಿ ಉಸ್ಮಾನಿಯಾ ಬಿಸ್ಕತ್ತು ಅದ್ದುತ್ತ ಕೂತಿರುತ್ತಾರೆ. ಇರಲಿ ಬಿಡಿ, ಮಾತಾಡಲಿಕ್ಕೆ ಜೊತೆಯಿದ್ದರೆ ಮರುದಿನವೂ ಬರುತ್ತಾರೆ.

ಕಾಚಿಗುಡಾದ ಹಳೆಯ ಕನ್ನಡ ಮನೆಗಳ ಲೆಕ್ಕವೇ ಬೇರೆ. 1956ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಓದಲು, ನೌಕರಿಗೆ ಬಂದವರು ಕಾಚಿಗುಡಾ ಸುತ್ತ ನೆಲೆನಿಂತರು. ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಅಲ್ಲೇ ಬೆಳೆದವು. ಆ ತಲೆಮಾರಿನವರಿಗೆ ಬೆಳಗಿನ ವ್ಯಾಯಾಮ ಎಂದು ಬೇರೆ ಹೆಸರಿಟ್ಟುಕೊಳ್ಳುವ ಅಗತ್ಯವೇ ಬೀಳಲಿಲ್ಲ. ಹುಡುಗರಿದ್ದಾಗ ಊರ ತಾಲೀಮಿನಲ್ಲಿ ದಂಡ, ಬೈಠಕ್ಕು ಹೊಡೆದವರು. ಇಲ್ಲಿ ಬಂದ ಮೇಲೆ ಕಚೇರಿಗೆ ನಡೆದೇ ಹೋದವರು. ಈಗ ಅವರ ಮಕ್ಕಳು ಬೆಳಿಗ್ಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣಕ್ಕೆ ಬರುತ್ತಾರೆ. 1939ರಲ್ಲಿ ಕಟ್ಟಿ ಮುಗಿದ ಆರ್ಟ್ಸ್ ಕಾಲೇಜಿನ ಗುಲಾಬಿ ಕಲ್ಲಿನ ಮುಂದೆ ಯೋಗ, ಕ್ರಿಕೆಟ್, ಪೊಲೀಸ್ ನೇಮಕಾತಿಗೆ ಓಡುವ ಹುಡುಗರು, ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ನಡೆಯುವ ನಿವೃತ್ತರು, ಎಲ್ಲ ಒಂದೇ ರಸ್ತೆಯಲ್ಲಿ. ಏಳೂವರೆಗೆ ಮನೆ, ಆಮೇಲೆ ಬ್ಯಾಂಕು ಅಥವಾ ಸಚಿವಾಲಯ. ರಾತ್ರಿ ಕರೆಗಳಿಲ್ಲದ ನೌಕರಿ, ಹತ್ತಿರದ ಬಯಲು. ಇವೆರಡು ಇದ್ದರೆ ಛಲ ಅಷ್ಟಾಗಿ ಬೇಕಾಗುವುದಿಲ್ಲ.

ಹೊಸ ಹೈದರಾಬಾದಿನಲ್ಲಿ ಇವೆರಡೂ ಇಲ್ಲ. ಅದಕ್ಕೇ ಅಲ್ಲಿ ದೊಡ್ಡ ದೊಡ್ಡ ಪರಿಹಾರಗಳು ಹುಟ್ಟಿಕೊಂಡಿವೆ. 2007ರಲ್ಲಿ ಶುರುವಾದ ಹೈದರಾಬಾದ್ ರನ್ನರ್ಸ್ ಬಳಗ ಇವತ್ತು ಸಾವಿರಾರು ಜನರನ್ನು ಓಟಕ್ಕೆ ಹಚ್ಚಿದೆ. ಆಗಸ್ಟಿನಲ್ಲಿ ಅವರು ನಡೆಸುವ ಮ್ಯಾರಥಾನ್ ಹುಸೇನ್ ಸಾಗರದ ದಂಡೆಯಿಂದ ಹೊರಟು, ಸಾಲು ಸಾಲು ಮೇಲ್ಸೇತುವೆ ಹತ್ತಿಳಿದು ಗಚ್ಚಿಬೌಲಿ ಸೇರುತ್ತದೆ. ಆಫೀಸಿಗೆ ಹೋಗುವಾಗ ಏರು ಎಂದೇ ತೋರದ ರಸ್ತೆ, ಓಡುವವನಿಗೆ ಬೆಟ್ಟವಾಗುತ್ತದೆ. ಇನ್ನು ಹೊರವರ್ತುಲ ರಸ್ತೆಯ ಬದಿಗೆ 2023ರ ಅಕ್ಟೋಬರ್ 1ರಂದು ತೆರೆದ ಸೈಕಲ್ ಪಥ. ತೆರೆದಾಗ ಒಟ್ಟು 23 ಕಿಲೋಮೀಟರ್, ನಾಲ್ಕೂವರೆ ಮೀಟರ್ ಅಗಲ, ತಲೆಯ ಮೇಲೆ ಹೆಚ್ಚುಕಡಿಮೆ ಉದ್ದಕ್ಕೂ ಸೌರಫಲಕಗಳ ಚಪ್ಪರ. ಅದರಿಂದ 16 ಮೆಗಾವಾಟ್ ವಿದ್ಯುತ್ತು. ಮಳೆ, ಬಿಸಿಲು ಎರಡಕ್ಕೂ ಅಂಜದೆ ಸೈಕಲ್ ತುಳಿಯಬಹುದು. ಕಣ್ಣಿಗೆ ಹಬ್ಬ. ಆದರೆ ಅದು ಇರುವುದು ನಾನಕ್‌ರಾಮಗುಡಾ, ನಾರ್ಸಿಂಗಿ, ಕೊಲ್ಲೂರಿನ ಕಡೆ. ಸೈಕಲ್ಲನ್ನು ಕಾರಿನ ಬೆನ್ನಿಗೆ ಕಟ್ಟಿಕೊಂಡು ಅಲ್ಲಿಗೆ ಹೋಗಿ, ತುಳಿದು, ಮತ್ತೆ ಕಟ್ಟಿಕೊಂಡು ಬರುವುದು ಭಾನುವಾರದ ಭಾಗ್ಯ. ಬುಧವಾರದ ಬೆಳಿಗ್ಗೆಗೆ ಬೇಕಾದದ್ದು ಮನೆ ಮುಂದೆ ಒಡೆಯದ ಫುಟ್‌ಪಾತ್, ಬೀದಿದೀಪ. 2023ರ ಜುಲೈನಲ್ಲಿ ನಗರದ ಅಂಚಿನ ಹೈದರ್‌ಶಾಕೋಟ್ ಬಳಿ ಬೆಳಗಿನ ನಡಿಗೆಗೆ ಹೊರಟ ಹೆಂಗಸರ ಮೇಲೆ ವೇಗದ ಕಾರು ಹರಿದು ತಾಯಿ, ಮಗಳು ಸತ್ತರು. ರಸ್ತೆಯ ಪಕ್ಕದಲ್ಲಿ ನಡೆಯುತ್ತಿದ್ದರು, ಅಷ್ಟೇ. ಕತ್ತಲಲ್ಲೇ ಎದ್ದು ನಡೆಯಿರಿ ಎಂದು ಬರೆಯುವವರು ಇದನ್ನೂ ಬರೆಯಬೇಕು.

ಬಿಸಿಲಿನ ಮಾತು ಬೇರೆ. ಜೂನ್ ಮೊದಲಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 5.40ರ ಸುಮಾರಿಗೆ, ಜನವರಿ ಕೊನೆಗೆ 6.50ರ ಸುಮಾರಿಗೆ. ಮೇ ತಿಂಗಳಲ್ಲಿ ಏಳು ಗಂಟೆಗೇ ಬಂಡೆಗಳು ಕಾಯತೊಡಗುತ್ತವೆ, ಆಮೇಲೆ ನಡೆಯುವುದು ಶಿಕ್ಷೆ. ಚಳಿಗಾಲದಲ್ಲಿ ಉಲ್ಟಾ. ಅಮೆರಿಕದ ಕರೆ ಒಂದು ತಾಸು ತಡ, ಸೂರ್ಯನೂ ತಾಸಿಗೂ ಹೆಚ್ಚು ತಡ, ಆಫೀಸಿನ ಬಸ್ಸು ಮಾತ್ರ ಅದೇ ಹೊತ್ತಿಗೆ. ಡಿಸೆಂಬರಿನಲ್ಲಿ ವಾಕಿಂಗ್ ತಪ್ಪಿತೆಂದು ಕೊರಗುವವರು ಈ ಇಕ್ಕಟ್ಟನ್ನು ಒಮ್ಮೆ ಗಮನಿಸಬೇಕು. ಜೊತೆಗೆ ಚಳಿಗಾಲದ ನಸುಕಿನ ಗಾಳಿ ನಾವು ಅಂದುಕೊಂಡಷ್ಟು ಶುದ್ಧವೂ ಅಲ್ಲ. ನೆಲದ ಹತ್ತಿರದ ತಂಪು ಗಾಳಿ ಮೇಲೇಳದೆ ಹೊಗೆ, ಧೂಳನ್ನು ಕೆಳಗೇ ಅದುಮಿ ಇಡುತ್ತದೆ. ಮೂಲೆಯಲ್ಲಿ ಯಾರಾದರೂ ಕಸಕ್ಕೆ ಬೆಂಕಿ ಹಚ್ಚಿದ್ದರೆ ಕೇಳುವುದೇ ಬೇಡ. ಬಿಸಿಲೇರಿದ ಮೇಲೆ ಹೊರಡುವುದೇ ಆಗ ಲೇಸು. ಎದ್ದ ಕೂಡಲೇ ಸೊಂಟ ಬಗ್ಗಿಸಿ ಕಾಲ್ಬೆರಳು ಮುಟ್ಟುವ ಹಟವೂ ಬೇಡ. ರಾತ್ರಿ ಮಲಗಿದಾಗ ಬೆನ್ನುಮೂಳೆಯ ನಡುವಿನ ತಟ್ಟೆಗಳು ನೀರು ಹೀರಿ ಉಬ್ಬಿರುತ್ತವೆ. ಅರ್ಧ ತಾಸು ಓಡಾಡಿದ ಮೇಲೆ ಬಗ್ಗಿದರೆ ಬೆನ್ನು ನಿಮ್ಮನ್ನು ಕ್ಷಮಿಸುತ್ತದೆ.

ಅಷ್ಟಕ್ಕೂ ವ್ಯಾಯಾಮವೆಲ್ಲ ಒಂದೇ ತಾಸಿನಲ್ಲಿ, ಅದೂ ಬೆಳಿಗ್ಗೆಯೇ ಆಗಬೇಕೆಂದು ಯಾರೂ ಹೇಳಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಚುರುಕಾಗಿ ನಡೆಯುವಷ್ಟು ಶ್ರಮ. ಒಂದೊಂದು ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕು ಎಂಬ ಹಳೆಯ ಷರತ್ತನ್ನು ಅದು 2020ರಲ್ಲಿ ಕೈಬಿಟ್ಟಿತು. ಅಮೀರ್‌ಪೇಟೆ ಮೆಟ್ರೊ ನಿಲ್ದಾಣದ ಮೆಟ್ಟಿಲನ್ನು ಬಿರಬಿರನೆ ಹತ್ತಿದರೂ ಲೆಕ್ಕಕ್ಕೆ ಬರುತ್ತದೆ. ಬೆಳಗಿನದಕ್ಕೆ ಇರುವ ದೊಡ್ಡ ಗುಣ ಒಂದೇ: ಆ ಹೊತ್ತಿನಲ್ಲಿ ಬಾಸ್ ಇನ್ನೂ ಎದ್ದಿರುವುದಿಲ್ಲ. ಸಂಜೆಯ ವಾಕಿಂಗನ್ನು ಯಾರು ಬೇಕಾದರೂ ಕಿತ್ತುಕೊಳ್ಳಬಹುದು.

ಆದರೆ ಆ ಹೊತ್ತಿನಲ್ಲಿ ಅಡುಗೆಮನೆ ಎದ್ದಿರುತ್ತದೆ. 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನದ ಪ್ರಕಾರ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಗಂಡಸರಲ್ಲಿ ಅಂಥವರು ಶೇ 42, ಹೆಂಗಸರಲ್ಲಿ ಶೇ 57. ದಿನವಿಡೀ ಮನೆಗೆಲಸ, ಅದರ ಮೇಲೆ ನೌಕರಿ ಮಾಡುವ ಹೆಂಗಸರೇ ಈ ಪಟ್ಟಿಯಲ್ಲಿ ಮುಂದಿರುವುದನ್ನು ಓದಿ ಕೆಲವರು ಹುಬ್ಬೇರಿಸಿದರು. ಅಚ್ಚರಿ ಏಕೆ? ಐದೂವರೆಯಿಂದ ಏಳೂವರೆಯವರೆಗೆ ಯಾವ ಪಾರ್ಕಿಗೇ ಹೋಗಿ ನೋಡಿ. ನಲವತ್ತರ ಆಸುಪಾಸಿನ ಗಂಡಸರು, ಅರವತ್ತು ದಾಟಿದ ಗಂಡಸರು, ಅರವತ್ತು ದಾಟಿದ ಹೆಂಗಸರು ಧಾರಾಳವಾಗಿ ಸಿಗುತ್ತಾರೆ. ಶಾಲೆಗೆ ಹೋಗುವ ಮಕ್ಕಳ ತಾಯಂದಿರು ಕಾಣುವುದು ಕಡಿಮೆ. ಅವರು ಆ ಹೊತ್ತಿಗೆ ಮೂರು ಡಬ್ಬಿ ತುಂಬಿಸುತ್ತಿರುತ್ತಾರೆ; ಅದರಲ್ಲೊಂದು ಪಾರ್ಕಿನಲ್ಲಿ ಕೈ ಬೀಸಿ ನಡೆಯುತ್ತಿರುವಾತನದು.

ಮಿಯಾಪುರದಲ್ಲಿರುವ ನನ್ನ ಪರಿಚಯದವರೊಬ್ಬರು, ರಾಯಚೂರು ಕಡೆಯವರು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅವರ ಗಂಡನಿಗೂ ಅಂಥದೇ ನೌಕರಿ. ಒಂದು ದಿನ ಬಿಟ್ಟು ಒಂದು ದಿನ ಎಂದು ಬೆಳಗನ್ನು ಹಂಚಿಕೊಂಡಿದ್ದಾರೆ. ಇವರ ದಿನ ಇವರು ಆರಕ್ಕೆ ಹೊರಡುತ್ತಾರೆ, ಆತ ಒಲೆ ಮುಂದೆ. ಆತನ ದಿನ ಉಲ್ಟಾ. ಹಿಂದಿನ ರಾತ್ರಿಯ ಕರೆಗಳನ್ನೂ ಅದೇ ಪ್ರಕಾರ ಸರಿಸಿಕೊಳ್ಳುತ್ತಾರೆ. ಮರುದಿನ ನಡೆಯಬೇಕಾದವರಿಗೆ ಹತ್ತರ ಮೇಲೆ ಕರೆ ಇಲ್ಲ. ಕಂಪನಿ ಇದಕ್ಕೆ ಒಪ್ಪಿದ್ದು ಸುಮ್ಮನೆ ಅಲ್ಲವಂತೆ, ಕೇಳಿ ಕೇಳಿ ಒಪ್ಪಿಸಿಕೊಂಡದ್ದು. "ಮನ್ಯಾಗ ಒಪ್ಪಿಸೋದು ಸಸಾರ ಇತ್ತೇನ್ರಿ?" ಎಂದು ಕೇಳಿದೆ. ಅವರು ನಕ್ಕರು.

"ಅವರಿಗೆ ಸುಸಲಾ ಒಂದು ಬರ್ತದ, ಉಪ್ಪಿಟ್ಟು ಒಂದು ಬರ್ತದರೀ. ರೊಟ್ಟಿ ಬಡಿಲಿಕ್ಕೆ ಇನ್ನೂ ಬಂದಿಲ್ಲ. ಮಕ್ಕಳು ಡಬ್ಬಿ ಮುಚ್ಚಳ ತೆಗೆದು ನೋಡಿ, ಇವತ್ತು ಅಪ್ಪನ ಪಾಳಿ ಏನು ಅಂತಾವ. ಅನ್ಲಿ ಬಿಡ್ರಿ. ನಾ ಅಷ್ಟೊತ್ತಿಗೆ ಕೆರಿ ಒಂದು ಸುತ್ತ ಹಾಕಿ ಬಂದಿರ್ತೀನಿ."