20 ರೂಪಾಯಿಗೂ ನ್ಯಾಯವಿದೆ: ಸಣ್ಣ ನಷ್ಟದ ಪರಿಹಾರ ಕುರಿತ ತಪ್ಪು ಕಲ್ಪನೆಗಳು

ಡ್ರೈಕ್ಲೀನಿಂಗ್‌ಗೆ ಕೊಟ್ಟ ರೇಷ್ಮೆ ಸೀರೆಯ ಸೆರಗು ಸುಟ್ಟು ಬಂದಿರುತ್ತದೆ. ಮನೆ ಸಾಮಾನು ಸಾಗಿಸಿದವರು ಇಳಿಸಿಹೋದ ಬೀರುವಿನ ಕನ್ನಡಿ ಬಿರುಕು ಬಿಟ್ಟಿರುತ್ತದೆ. ಎಟಿಎಂ ನೋಟು ಕೊಡುವುದಿಲ್ಲ, ಖಾತೆಯಲ್ಲಿ ಮಾತ್ರ ಹಣ ಕಡಿತವಾಗಿರುತ್ತದೆ. ಆಗ ಮನೆಯಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: “ಹೋಗಲಿ ಬಿಡು, ಅಷ್ಟಕ್ಕೆಲ್ಲ ಯಾರು ಅಲೆಯುತ್ತಾರೆ?”

ಈ ‘ಹೋಗಲಿ ಬಿಡು’ ಎಂಬ ಮಾತಿನ ಹಿಂದೆ ದೊಡ್ಡ ಮನಸ್ಸು ಇರುವುದು ಅಪರೂಪ. ಹೆಚ್ಚಿನ ಸಲ ಇರುವುದು ಭಯ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮನ್ನು ಅಷ್ಟು ಹೆದರಿಸಿಟ್ಟಿದೆ. ಆದರೆ ಗ್ರಾಹಕರ ಕಾನೂನು ಹುಟ್ಟಿದ್ದೇ ಈ ಭಯ ಕಳೆಯುವುದಕ್ಕೆ. 1986ರಲ್ಲಿ ಮೊದಲ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಅದರ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಕಾನೂನು ಬದಲಾದರೂ ಜನರ ನಡುವಿನ ನಂಬಿಕೆಗಳು ಹಳೆಯವೇ. ಅವುಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ನಷ್ಟ ತೀರಾ ಸಣ್ಣದು, ಇದಕ್ಕೆಲ್ಲ ದೂರು ಕೊಡಲು ಬರುವುದಿಲ್ಲ.

ಸತ್ಯ: ಕಾಯ್ದೆಯಲ್ಲಿ ಮೇಲಿನ ಮಿತಿಗಳಿವೆ, ಕೆಳಗಿನ ಮಿತಿ ಇಲ್ಲ. ಇಷ್ಟು ರೂಪಾಯಿಗಿಂತ ಕಡಿಮೆ ನಷ್ಟವಾದರೆ ದೂರು ಕೊಡಬಾರದು ಎಂದು ಎಲ್ಲಿಯೂ ಬರೆದಿಲ್ಲ.

1999ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ ಮಥುರಾ ನಿಲ್ದಾಣದಲ್ಲಿ ವಕೀಲರೊಬ್ಬರು ಮೊರಾದಾಬಾದಿಗೆ ಎರಡು ಟಿಕೆಟ್ ಕೊಂಡರು. ದರ ತಲಾ 35 ರೂಪಾಯಿ. ಕೌಂಟರಿನಲ್ಲಿ 70ರ ಬದಲು 90 ರೂಪಾಯಿ ಹಿಡಿದುಕೊಂಡರು. ಆ 20 ರೂಪಾಯಿಗಾಗಿ ಅವರು ರೈಲ್ವೆಯ ಮೇಲೆ ದೂರು ಹೂಡಿದರು. 2022ರ ಆಗಸ್ಟಿನಲ್ಲಿ ಗ್ರಾಹಕ ಆಯೋಗವು ಆ 20 ರೂಪಾಯಿಯನ್ನು ವರ್ಷಕ್ಕೆ ಶೇ. 12 ಬಡ್ಡಿಯೊಂದಿಗೆ ಮರಳಿಸಿ, ಜೊತೆಗೆ 15,000 ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು.

ಈ ಕತೆಯಲ್ಲಿ ಕಹಿಯೂ ಇದೆ. ತೀರ್ಪು ಬರಲು 22 ವರ್ಷ ಹಿಡಿಯಿತು. ಎದುರು ಪಕ್ಷಕ್ಕೆ ನೋಟಿಸ್ ತಲುಪಿದ 3 ತಿಂಗಳೊಳಗೆ ಪ್ರಕರಣ ಮುಗಿಸಲು ಯತ್ನಿಸಬೇಕೆಂದು ಇಂದಿನ ಕಾಯ್ದೆ ಹೇಳುತ್ತದೆ. ವಸ್ತುವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕಾದರೆ 5 ತಿಂಗಳು. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ, ಅದನ್ನು ಮುಚ್ಚಿಡಬೇಕಿಲ್ಲ. ಆದ್ದರಿಂದಲೇ ಆಯೋಗ ಕೊನೆಯ ಮೆಟ್ಟಿಲು. ಅದಕ್ಕೂ ಮೊದಲು ಹತ್ತಬೇಕಾದ ಮೆಟ್ಟಿಲುಗಳಿವೆ, ಮತ್ತು ಎಷ್ಟೋ ದೂರುಗಳು ಅಲ್ಲಿಯೇ ಬಗೆಹರಿಯಬಲ್ಲವು.

ತಪ್ಪು ಕಲ್ಪನೆ 2: ವಕೀಲರು ಬೇಕು, ಶುಲ್ಕ ಕಟ್ಟಬೇಕು, ಕಂಪನಿ ಇರುವ ಊರಿಗೆ ಓಡಾಡಬೇಕು.

ಸತ್ಯ: ಈ ಮೂರೂ ಕಡ್ಡಾಯವಲ್ಲ. ನಿಮ್ಮ ದೂರನ್ನು ನೀವೇ ಬರೆದು ನೀವೇ ವಾದಿಸಬಹುದು. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೇ ಇಲ್ಲ. ಸೀರೆ, ಕನ್ನಡಿ, ಮಿಕ್ಸಿ, ಮೊಬೈಲ್, ಪ್ರವಾಸದ ಟಿಕೆಟ್ ಎಲ್ಲವೂ ಈ ಮಿತಿಯೊಳಗೇ ಬರುತ್ತವೆ.

2019ರ ಕಾಯ್ದೆ ತಂದ ದೊಡ್ಡ ಬದಲಾವಣೆಯೆಂದರೆ, ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಗುರುಗ್ರಾಮದ ಕಂಪನಿಯಿಂದ ಆನ್‌ಲೈನ್‌ನಲ್ಲಿ ಕುಕ್ಕರ್ ತರಿಸಿದ ಹಾವೇರಿಯ ಗೃಹಿಣಿ ಹಾವೇರಿಯಲ್ಲೇ ದೂರು ಸಲ್ಲಿಸಬಹುದು. ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸುವ ದಾರಿಯೂ ಇದೆ. ವಿಡಿಯೊ ಕಾನ್ಫರೆನ್ಸ್ ಮೂಲಕ ವಿಚಾರಣೆಗೆ ಹಾಜರಾಗಲು ಕೋರುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ.

ತಪ್ಪು ಕಲ್ಪನೆ 3: ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂದು ಬೋರ್ಡ್ ಇದೆ, ಇನ್ನು ಮಾತೇ ಇಲ್ಲ.

ಸತ್ಯ: ಬೋರ್ಡು ಕಾನೂನಲ್ಲ. ದೋಷವಿರುವ ವಸ್ತುವನ್ನು ವಾಪಸ್ ಪಡೆಯಲು ನಿರಾಕರಿಸುವುದನ್ನು 2019ರ ಕಾಯ್ದೆ ‘ಅನುಚಿತ ವ್ಯಾಪಾರ ಪದ್ಧತಿ’ ಎಂದೇ ಕರೆಯುತ್ತದೆ. ಬಿಲ್ಲಿನಲ್ಲಿ ವಾಪಸಿನ ಅವಧಿ ಬರೆದಿದ್ದರೆ ಆ ಅವಧಿ, ಬರೆಯದಿದ್ದರೆ 30 ದಿನ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ.

ಒಂದು ವಿಷಯ ಗಮನದಲ್ಲಿರಲಿ: ಈ ರಕ್ಷಣೆ ದೋಷವಿರುವ ವಸ್ತುವಿಗೆ. ಮನೆಗೆ ತಂದ ಮೇಲೆ ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂಬ ಕಾರಣಕ್ಕೆ ಹಣ ವಾಪಸ್ ಕೇಳುವ ಹಕ್ಕು ಇದರಿಂದ ಬರುವುದಿಲ್ಲ.

‘ವಾಹನ ನಿಲುಗಡೆ ಮಾಲೀಕರ ಸ್ವಂತ ಜವಾಬ್ದಾರಿ’ ಎಂಬ ಫಲಕಕ್ಕೂ ಹಾಗೆಯೇ ಮಿತಿ ಇದೆ. 1998ರಲ್ಲಿ ದೆಹಲಿಯ ದೊಡ್ಡ ಹೋಟೆಲೊಂದರಲ್ಲಿ ಅತಿಥಿಯೊಬ್ಬರು ಕಾರಿನ ಕೀಲಿಯನ್ನು ಸಿಬ್ಬಂದಿಯ ಕೈಗೆ ಕೊಟ್ಟು ಒಳಗೆ ಹೋದರು. ಕಾರು ಕಳುವಾಯಿತು. ನಿಲುಗಡೆ ಚೀಟಿಯ ಮೇಲೆ ‘ಮಾಲೀಕರದೇ ಹೊಣೆ’ ಎಂದು ಅಚ್ಚಾಗಿತ್ತು. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಕೀಲಿ ಪಡೆದು ವಾಹನವನ್ನು ವಶಕ್ಕೆ ತೆಗೆದುಕೊಂಡ ಮೇಲೆ ತನ್ನ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲು ಆ ಒಂದು ಸಾಲಿನ ನೆಪದಲ್ಲಿ ನುಣುಚಿಕೊಳ್ಳಲಾಗದು ಎಂದಿತು. ಕೀಲಿ ನಮ್ಮ ಜೇಬಿನಲ್ಲೇ ಇದ್ದಾಗ ಪರಿಸ್ಥಿತಿ ಬೇರೆ.

ಹಾಗೆಂದು ಸಣ್ಣ ಅಕ್ಷರಗಳಿಗೆಲ್ಲ ಬೆಲೆಯೇ ಇಲ್ಲ ಎಂದುಕೊಳ್ಳಬೇಡಿ. 1996ರಲ್ಲಿ ಕೊರಿಯರ್ ಕಂಪನಿಯೊಂದರ ಪ್ರಕರಣದಲ್ಲಿ, ಗ್ರಾಹಕರು ಸಹಿ ಮಾಡಿದ ಪತ್ರದಲ್ಲಿ ಹೊಣೆಯ ಮಿತಿ 100 ಡಾಲರ್ ಎಂದಿದ್ದುದರಿಂದ ಸುಪ್ರೀಂ ಕೋರ್ಟ್ ಆ ಮಿತಿಯನ್ನೇ ಎತ್ತಿಹಿಡಿಯಿತು. ಬೆಲೆಬಾಳುವ ವಸ್ತುವನ್ನು ಕಳಿಸುವಾಗ ಅದರ ಮೌಲ್ಯವನ್ನು ಪತ್ರದಲ್ಲಿ ಬರೆಸಿ, ವಿಮೆ ಮಾಡಿಸುವುದು ಇದಕ್ಕಾಗಿಯೇ. ಷರತ್ತು ಏಕಪಕ್ಷೀಯವೂ ಅನ್ಯಾಯವೂ ಆಗಿದ್ದರೆ ಹೊಸ ಕಾಯ್ದೆಯಡಿ ಅದನ್ನೇ ಪ್ರಶ್ನಿಸಬಹುದು. ಆ ದೂರು ಹೋಗಬೇಕಾದದ್ದು ರಾಜ್ಯ ಆಯೋಗಕ್ಕೆ.

ತಪ್ಪು ಕಲ್ಪನೆ 4: ಸರ್ಕಾರಿ ಸಂಸ್ಥೆಯಿಂದ ಪರಿಹಾರ ಕನಸಿನ ಮಾತು.

ಸತ್ಯ: ಹಣ ಪಡೆದು ಸೇವೆ ಕೊಡುವ ಸರ್ಕಾರಿ ಸಂಸ್ಥೆಯೂ ಗ್ರಾಹಕ ಕಾನೂನಿಗೆ ಒಳಪಟ್ಟಿದೆ. 1993ರಲ್ಲಿ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಜನಸಾಮಾನ್ಯರನ್ನು ಸುಮ್ಮನೆ ಸತಾಯಿಸಿದ್ದಕ್ಕೂ ಪರಿಹಾರ ಕೊಡಿಸಬಹುದು ಎಂದು ಹೇಳಿದ್ದು ಆ ತೀರ್ಪು.

2016ರಲ್ಲಿ ಅಜ್ಮೇರ್–ಜಮ್ಮು ರೈಲು 4 ಗಂಟೆ ತಡವಾಗಿ ತಲುಪಿದ್ದರಿಂದ ಪ್ರಯಾಣಿಕರೊಬ್ಬರ ಕುಟುಂಬಕ್ಕೆ ಶ್ರೀನಗರದ ವಿಮಾನ ತಪ್ಪಿತು. ಅವರು ಟ್ಯಾಕ್ಸಿ ಹಿಡಿದು ಹೋಗಬೇಕಾಯಿತು. ತಡವಾದದ್ದಕ್ಕೆ ರೈಲ್ವೆ ಸಕಾರಣವನ್ನು ಸಾಕ್ಷ್ಯದೊಂದಿಗೆ ತೋರಿಸಬೇಕು, ತೋರಿಸದಿದ್ದರೆ ಅದು ಸೇವಾ ನ್ಯೂನತೆ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಟ್ಯಾಕ್ಸಿಯ 15,000 ರೂಪಾಯಿ ಸೇರಿದಂತೆ ಕೆಳಗಿನ ಆಯೋಗ ಕೊಡಿಸಿದ್ದ ಪರಿಹಾರ ಉಳಿಯಿತು.

ಕರ್ನಾಟಕದ ಓದುಗರು ಸರ್ಕಾರಿ ಸೇವೆಗಳಿಗೆ ಕಾಲಮಿತಿ ಹಾಕಿರುವ ‘ಸಕಾಲ’ ಕಾಯ್ದೆಯನ್ನು ಮರೆಯಬಾರದು. ಅದರ ವ್ಯಾಪ್ತಿಯ ಅರ್ಜಿಯನ್ನು ನಿಗದಿತ ದಿನಗಳೊಳಗೆ ವಿಲೇವಾರಿ ಮಾಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚ ಕೇಳುವ ಹಕ್ಕು ಅರ್ಜಿದಾರರಿಗಿದೆ. ಈ ಹಣವನ್ನು ತಡಮಾಡಿದ ಅಧಿಕಾರಿಯಿಂದಲೇ ವಸೂಲಿ ಮಾಡಲಾಗುತ್ತದೆ. ಮೊತ್ತ ಚಿಕ್ಕದಿರಬಹುದು. ಆದರೆ ‘ನಾಳೆ ಬಾ’ ಎನ್ನುವುದಕ್ಕೆ ಒಂದು ಬೆಲೆ ಇದೆ ಎಂದು ರಾಜ್ಯವೇ ಬರೆದುಕೊಟ್ಟಿದೆ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆಯಿರುವ ಸ್ವೀಕೃತಿಯನ್ನು ಕೇಳಿ ಪಡೆಯಿರಿ. ಅದಿಲ್ಲದೆ ದಿನಗಳ ಲೆಕ್ಕ ತೋರಿಸುವುದು ಕಷ್ಟ.

ತಪ್ಪು ಕಲ್ಪನೆ 5: ಪರಿಹಾರ ಬೇಕೆಂದರೆ ಆಯೋಗಕ್ಕೇ ಹೋಗಬೇಕು.

ಸತ್ಯ: ಕೆಲವು ಪರಿಹಾರಗಳ ಮೊತ್ತವನ್ನು ನಿಯಮಗಳೇ ಮೊದಲೇ ಕಟ್ಟಿಟ್ಟಿವೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ಎಟಿಎಂ ನೋಟು ಕೊಡದೆ ಖಾತೆಯಿಂದ ಹಣ ಹೋದರೆ 5 ದಿನದೊಳಗೆ ಅದು ಮರಳಿ ಜಮೆಯಾಗಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಯುಪಿಐನಲ್ಲಿ ಒಬ್ಬರಿಗೆ ಕಳಿಸಿದ ಹಣ ಖಾತೆಯಿಂದ ಹೋಗಿ ಅವರಿಗೆ ತಲುಪದಿದ್ದರೆ ಮಾರನೆಯ ದಿನದೊಳಗೆ ಸರಿಯಾಗಬೇಕು. ಆಮೇಲೆ ಇಲ್ಲಿಯೂ ಅದೇ 100 ರೂಪಾಯಿ. ಗ್ರಾಹಕ ಕೇಳದಿದ್ದರೂ ಬ್ಯಾಂಕೇ ಕೊಡಬೇಕಾದ ಹಣ ಇದು. ಹೀಗಾಗಿ ಹಣ ವಾಪಸ್ ಬಂತೆಂದು ಸಮಾಧಾನಪಟ್ಟುಕೊಳ್ಳುವ ಮೊದಲು ಬಂದ ತಾರೀಕನ್ನೂ ನೋಡಿ. ದೂರು ಕೊಟ್ಟು 30 ದಿನವಾದರೂ ಬ್ಯಾಂಕ್ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರಬಹುದು.

ವಿಮಾನಯಾನಕ್ಕೂ ಇಂಥ ನಿಯಮವಿದೆ. ಮುಂಚಿತವಾಗಿ ಸರಿಯಾಗಿ ತಿಳಿಸದೆ ವಿಮಾನ ರದ್ದು ಮಾಡಿದರೆ, ಹಾರಾಟದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000 ರೂಪಾಯಿ, ಇಲ್ಲವೇ ಮೂಲ ಟಿಕೆಟ್ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಟಿಕೆಟ್ ಹಣದ ಜೊತೆಗೆ ಕೊಡಬೇಕು. ಹವಾಮಾನದಂಥ, ಸಂಸ್ಥೆಯ ಕೈಮೀರಿದ ಕಾರಣಗಳಿಗೆ ಇದು ಅನ್ವಯಿಸುವುದಿಲ್ಲ.

ಇನ್ನುಳಿದ ವಸ್ತು, ಸೇವೆಗಳಿಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅದು ತೀರ್ಪು ಕೊಡುವುದಿಲ್ಲ. ದೂರನ್ನು ಕಂಪನಿಯ ಮುಂದಿಟ್ಟು ಉತ್ತರ ಕೇಳುತ್ತದೆ. ಸಣ್ಣ ಮೊತ್ತದ ವಿಷಯದಲ್ಲಿ ಮೊದಲು ತಟ್ಟಬೇಕಾದ ಬಾಗಿಲು ಅದೇ.

ತಪ್ಪು ಕಲ್ಪನೆ 6: ‘ಮಾನಸಿಕ ಹಿಂಸೆ’ ಎಂದು ಬರೆದರೆ ಕೇಳಿದಷ್ಟು ಹಣ ಸಿಗುತ್ತದೆ.

ಸತ್ಯ: ಇದು ಎದುರು ದಿಕ್ಕಿನ ತಪ್ಪು, ಮತ್ತು ಅಷ್ಟೇ ಅಪಾಯಕಾರಿ. 2018ರಲ್ಲಿ ದೆಹಲಿಯ ಸಲೂನ್ ಒಂದರಲ್ಲಿ ಕೂದಲನ್ನು ಹೇಳಿದ್ದಕ್ಕಿಂತ ಗಿಡ್ಡವಾಗಿ ಕತ್ತರಿಸಿದ್ದಕ್ಕೆ ರಾಷ್ಟ್ರೀಯ ಆಯೋಗ 2 ಕೋಟಿ ರೂಪಾಯಿ ಕೊಡಿಸಿದ್ದು ದೇಶವೆಲ್ಲ ಸುದ್ದಿಯಾಯಿತು. ಅದರ ಮುಂದಿನ ಭಾಗ ಅಷ್ಟು ಸುದ್ದಿಯಾಗಲಿಲ್ಲ. ಸೇವೆಯಲ್ಲಿ ಲೋಪವಾದದ್ದನ್ನು ಒಪ್ಪಿದ ಸುಪ್ರೀಂ ಕೋರ್ಟ್, ಅಷ್ಟು ದೊಡ್ಡ ಮೊತ್ತಕ್ಕೆ ಸಾಕ್ಷ್ಯವೆಲ್ಲಿದೆ ಎಂದು ಕೇಳಿ, 2023ರ ಫೆಬ್ರುವರಿಯಲ್ಲಿ ಪರಿಹಾರದ ಆದೇಶವನ್ನು ಬದಿಗಿರಿಸಿ ಪ್ರಕರಣವನ್ನು ವಾಪಸ್ ಕಳಿಸಿತು.

ಬೆಂಗಳೂರಿನ ಮಲ್ಟಿಪ್ಲೆಕ್ಸ್ ಪ್ರಕರಣವೂ ಹೀಗೆಯೇ ಅರ್ಧ ಗೊತ್ತು. ಸಿನಿಮಾಕ್ಕೆ ಮೊದಲು 25 ನಿಮಿಷ ಜಾಹೀರಾತು ತೋರಿಸಿದ್ದಕ್ಕೆ 2025ರ ಫೆಬ್ರುವರಿಯಲ್ಲಿ ಗ್ರಾಹಕ ಆಯೋಗ ಪ್ರೇಕ್ಷಕರೊಬ್ಬರಿಗೆ ಪರಿಹಾರ ಕೊಡಿಸಿ, ಸಂಸ್ಥೆಗೆ 1 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಮರುತಿಂಗಳೇ ಹೈಕೋರ್ಟ್, ಆಯೋಗವು ಒಬ್ಬರ ದೂರನ್ನು ಸಾರ್ವಜನಿಕ ಹಿತಾಸಕ್ತಿ ಅರ್ಜಿಯಂತೆ ನೋಡಿದೆ ಎಂದು ಆದೇಶಕ್ಕೆ ತಡೆ ನೀಡಿತು.

ಆಗಿರುವ ನಷ್ಟಕ್ಕೆ ಪರಿಹಾರ ತಕ್ಕಂತಿರಬೇಕು. 3,000 ರೂಪಾಯಿ ಕನ್ನಡಿಗೆ 10 ಲಕ್ಷ ಕೇಳಿದವರ ನ್ಯಾಯವಾದ 3,000ದ ಮೇಲೂ ಅನುಮಾನ ಬರುತ್ತದೆ.

ತಪ್ಪು ಕಲ್ಪನೆ 7: ಫೋನಿನಲ್ಲಿ ಹೇಳಿದ್ದೇನೆ, ಇಮೇಲ್ ಕಳಿಸುತ್ತಲೇ ಇದ್ದೇನೆ, ಅವಸರವೇನಿಲ್ಲ.

ಸತ್ಯ: ತೊಂದರೆಯಾದ ದಿನದಿಂದ 2 ವರ್ಷದೊಳಗೆ ಆಯೋಗಕ್ಕೆ ದೂರು ಹೋಗಬೇಕು. ತಡಕ್ಕೆ ಸಕಾರಣ ಕೊಟ್ಟರೆ ಆಯೋಗ ಮನ್ನಿಸಬಹುದು. ಆದರೆ ಪತ್ರ ಬರೆಯುತ್ತಾ ಹೋದ ಮಾತ್ರಕ್ಕೆ ಅವಧಿ ತಾನಾಗಿ ಹಿಗ್ಗುವುದಿಲ್ಲ. ಫೋನಿನಲ್ಲಿ ಆಡಿದ ಮಾತಿಗೆ ದೂರಿನ ಸಂಖ್ಯೆಯೂ ಇಲ್ಲದಿದ್ದರೆ ಅದು ಗಾಳಿಗೆ ಹೋದಂತೆ. ಸಂಸ್ಥೆ ಸ್ವಲ್ಪ ಹಣ ಕೊಟ್ಟು ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಕಾಗದಕ್ಕೆ ಸಹಿ ಕೇಳಿದರೆ ಓದಿ ಸಹಿ ಮಾಡಿ. ಸ್ವಂತ ಇಚ್ಛೆಯಿಂದ ಮಾಡಿದ ಸಹಿ ಮುಂದಿನ ದಾರಿಯನ್ನು ಮುಚ್ಚುತ್ತದೆ.

ಹಾಗಾದರೆ ಕೇಳುವುದು ಹೇಗೆ?

ಒಂದು ಪುಟದ ಪತ್ರ ಸಾಕು. ಅದರಲ್ಲಿ ಕೋಪಕ್ಕಿಂತ ಲೆಕ್ಕ ಹೆಚ್ಚಿರಲಿ. ಯಾವ ದಿನ ಯಾವ ಸೇವೆ ಪಡೆದಿರಿ, ಎಷ್ಟು ಕೊಟ್ಟಿರಿ, ಏನು ಕೆಟ್ಟಿತು, ಸರಿಪಡಿಸಲು ಎಷ್ಟು ಖರ್ಚು, ಅದಕ್ಕಾಗಿ ಎಷ್ಟು ದಿನ ಕೆಲಸ ಬಿಟ್ಟಿರಿ, ಇಷ್ಟನ್ನು ಬರೆಯಿರಿ. ಬಿಲ್, ಫೋಟೊ, ರಿಪೇರಿಯ ಅಂದಾಜು ಪಟ್ಟಿ ಲಗತ್ತಿಸಿ. ಕೊನೆಯಲ್ಲಿ ಬೇಕಾದ್ದನ್ನು ಖಚಿತವಾಗಿ ಹೇಳಿ: “ಕನ್ನಡಿ ಬದಲಿಸಲು 2,800 ರೂಪಾಯಿ, ಓಡಾಟಕ್ಕೆ 400 ರೂಪಾಯಿ, ಒಟ್ಟು 3,200 ರೂಪಾಯಿಯನ್ನು 15 ದಿನದೊಳಗೆ ಕೊಡಬೇಕು. ತಪ್ಪಿದರೆ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.” ಸಂಸ್ಥೆಯ ದೂರು ವಿಭಾಗಕ್ಕೆ ಇಮೇಲ್ ಮಾಡಿ, ಅದೇ ಪ್ರತಿಯನ್ನು ಸ್ವೀಕೃತಿ ಸಿಗುವ ಅಂಚೆಯಲ್ಲೂ ಕಳಿಸಿ. ಆ ಸ್ವೀಕೃತಿಯೇ ಮುಂದೆ ನಿಮ್ಮ ಮೊದಲ ಸಾಕ್ಷಿ.

ಒಡೆದುಹೋದ ಕನ್ನಡಿಯನ್ನು, ಸುಟ್ಟ ಸೀರೆಯನ್ನು ದೂರು ಮುಗಿಯುವವರೆಗೆ ಎಸೆಯಬೇಡಿ. ಬಿಲ್ ಕೇಳಿ ಪಡೆಯುವ ಅಭ್ಯಾಸವನ್ನು ಇಂದೇ ಶುರುಮಾಡಿ. ಉಷ್ಣಕ್ಕೆ ಅಚ್ಚಾಗುವ ಬಿಲ್ಲುಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಆದ್ದರಿಂದ ಫೋಟೊ ತೆಗೆದಿಟ್ಟುಕೊಳ್ಳಿ.

ತನ್ನಿಂದಾದ ನಷ್ಟವನ್ನು ತುಂಬಿಕೊಡುವುದು ಸಂಸ್ಥೆಯ ಕರ್ತವ್ಯ. ಅದನ್ನು ಕೇಳುವುದು ಜಿಪುಣತನವಲ್ಲ, ಜಗಳವೂ ಅಲ್ಲ. ನಾವು ‘ಹೋಗಲಿ ಬಿಡು’ ಎಂದ ಪ್ರತಿ ಸಲವೂ ಅದೇ ಅಜಾಗರೂಕ ಕೈಗೆ ಇನ್ನೊಬ್ಬರ ಸೀರೆ, ಇನ್ನೊಬ್ಬರ ಕನ್ನಡಿ ಹೋಗುತ್ತದೆ. ಮುಂದಿನ ಸಲ ಹೀಗಾದಾಗ ಒಂದು ಹಾಳೆ ತೆಗೆದುಕೊಂಡು ಮೊದಲ ಸಾಲಿನಲ್ಲಿ ತಾರೀಕು ಬರೆಯಿರಿ.