ನೋವಿನ ಮದ್ದೂ ಮನೆಯ ವೈದ್ಯರ ಹೊಣೆಯೂ

ಹಬ್ಬದ ದಿನ ಮನೆಯಲ್ಲಿ ಗಸಗಸೆಯ ಪಾಯಸವಾದರೆ, ಊಟದ ಬಳಿಕ ಒಂದು ನಿದ್ರೆ ಖಂಡಿತವೆಂದು ಹಿರಿಯರು ನಗೆಯಾಡುವುದುಂಟು. ಗಸಗಸೆಯ ಬೀಜದಲ್ಲಿ ಮತ್ತಿನ ಅಂಶವು ಇಲ್ಲವೆನ್ನುವಷ್ಟು ಅಲ್ಪ. ಆದರೆ ಅದೇ ಗಿಡದ ಹಸಿಯ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಔಷಧಗಾರನಾದ ಸೆರ್ಟ್ಯೂರ್ನರನು ಈ ಅಫೀಮಿನ ಸಾರವನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆಯಾದ ಮಾರ್ಫಿಯಸನ ಹೆಸರನ್ನು ಅದಕ್ಕೆ ಇಟ್ಟನು. ಅದೇ ಮಾರ್ಫೀನು. ಕೋಡೀನ್, ಆಕ್ಸಿಕೋಡೋನ್, ಟ್ರಮಡಾಲ್, ಫೆಂಟನಿಲ್ ಮೊದಲಾದುವೆಲ್ಲ ಇದೇ ಬಳಗದ ಔಷಧಗಳು. ಕೆಲವು ಗಿಡದಿಂದ ಬಂದುವು, ಕೆಲವು ಕಾರ್ಖಾನೆಯಲ್ಲಿ ಹುಟ್ಟಿದುವು. ವೈದ್ಯರು ಇವನ್ನು ಒಟ್ಟಾಗಿ ಓಪಿಯಾಯ್ಡುಗಳೆಂದು ಕರೆಯುತ್ತಾರೆ.

ನೋವನ್ನು ತಣಿಸುವುದರಲ್ಲಿ ಇವಕ್ಕಿರುವ ಬಲವು ಹಿರಿದು. ಮನುಷ್ಯನನ್ನು ಹಿಡಿದು ಬಿಡದ ಗುಣವೂ ಅಷ್ಟೇ ಹಿರಿದು. ಇಂತಹ ಮದ್ದನ್ನು ಮನೆಯ ವೈದ್ಯರು ಯಾರಿಗೆ, ಎಷ್ಟು, ಎಷ್ಟು ದಿನ ಕೊಡಬೇಕು? ಈ ಪ್ರಶ್ನೆಗೆ ಅಮೆರಿಕ ಸಂಯುಕ್ತ ಸಂಸ್ಥಾನವು ಬಹು ದೊಡ್ಡ ಬೆಲೆಯನ್ನು ತೆತ್ತು ಉತ್ತರವನ್ನು ಕಲಿಯಿತು. ಆ ಪಾಠವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಎರಡು ಬಗೆಯ ನೋವು

ಕೈ ಮುರಿದಾಗ, ಶಸ್ತ್ರಚಿಕಿತ್ಸೆಯಾದಾಗ ಬರುವ ನೋವು ಒಂದು ಬಗೆ. ಅದು ಗಾಯದೊಡನೆ ಬಂದು ಗಾಯದೊಡನೆ ಹೋಗುತ್ತದೆ. ಮೂರು ತಿಂಗಳು ಕಳೆದರೂ ಬಿಡದ ಸೊಂಟನೋವು, ಮಂಡಿನೋವು, ನರಗಳ ನೋವು ಮತ್ತೊಂದು ಬಗೆ. ಕ್ಯಾನ್ಸರಿನ ನೋವನ್ನೂ ಅಂತ್ಯಕಾಲದ ವೇದನೆಯನ್ನೂ ವೈದ್ಯರು ಇವೆರಡರಿಂದ ಬೇರೆಯಾಗಿಯೇ ಎಣಿಸುತ್ತಾರೆ. ಅಲ್ಲಿ ಮಾರ್ಫೀನು ಕರುಣೆಯ ಔಷಧ. ಅದರ ವಿಷಯದಲ್ಲಿ ಚಟದ ಭಯವನ್ನು ಮುಂದುಮಾಡಿ ರೋಗಿಯನ್ನು ನರಳಿಸುವುದು ಧರ್ಮವಲ್ಲ. ನಾವು ಇಲ್ಲಿ ಮುಖ್ಯವಾಗಿ ಹೇಳಹೊರಟಿರುವುದು ಬಹುಕಾಲದ ಸೊಂಟ, ಮಂಡಿ, ಕೀಲುಗಳ ನೋವನ್ನು ಕುರಿತು. ಏಕೆಂದರೆ ಇಂತಹ ರೋಗಿಗಳು ಮೊದಲು ಹೋಗುವುದು ಮನೆಯ ವೈದ್ಯರ ಬಳಿಗೇ.

ಐದು ವಾಕ್ಯಗಳ ಪತ್ರ

೧೯೮೦ರ ಜನವರಿಯಲ್ಲಿ ಅಮೆರಿಕದ ಒಂದು ಹೆಸರಾಂತ ವೈದ್ಯಪತ್ರಿಕೆಯಲ್ಲಿ ಐದೇ ವಾಕ್ಯಗಳ ಒಂದು ಪತ್ರವು ಅಚ್ಚಾಯಿತು. ಆಸ್ಪತ್ರೆಯಲ್ಲಿದ್ದು ಒಮ್ಮೆಯಾದರೂ ಈ ವರ್ಗದ ಮದ್ದನ್ನು ಪಡೆದ ೧೧,೮೮೨ ರೋಗಿಗಳಲ್ಲಿ, ಹಿಂದೆ ಚಟವಿಲ್ಲದಿದ್ದು ಹೊಸದಾಗಿ ಚಟಕ್ಕೆ ಬಿದ್ದವರು ನಾಲ್ವರು ಮಾತ್ರ ಕಂಡುಬಂದರೆಂದು ಪೋರ್ಟರ್ ಮತ್ತು ಜಿಕ್ ಎಂಬುವರು ಅದರಲ್ಲಿ ಬರೆದಿದ್ದರು. ಅವರು ಹೇಳಿದ್ದು ವೈದ್ಯರ ಕಣ್ಣೆದುರಿನಲ್ಲಿದ್ದ ಆಸ್ಪತ್ರೆಯ ರೋಗಿಗಳ ಮಾತು. ಆದರೆ ಓದಿದವರು ಅದನ್ನು ಮನೆಯಲ್ಲಿ ತಿಂಗಳುಗಟ್ಟಲೆ ಗುಳಿಗೆ ನುಂಗುವವರಿಗೂ ಅನ್ವಯಿಸಿಬಿಟ್ಟರು. ೨೦೧೭ರಲ್ಲಿ ಇದೇ ಪತ್ರಿಕೆಯಲ್ಲಿ ಲೆಕ್ಕಹಾಕಿ ತೋರಿಸಿದಂತೆ, ಆ ಪತ್ರವನ್ನು ಉಲ್ಲೇಖಿಸಿದ ಬರಹಗಳು ೬೦೮. ಅವುಗಳಲ್ಲಿ ೪೩೯ ಬರಹಗಳು ಚಟವು ಅಪರೂಪವೆಂಬುದಕ್ಕೆ ಅದನ್ನೇ ಸಾಕ್ಷಿಯಾಗಿ ತಂದಿದ್ದುವು. ಆ ರೋಗಿಗಳು ಆಸ್ಪತ್ರೆಯಲ್ಲಿದ್ದವರೆಂಬ ಮಾತನ್ನು ಹೆಚ್ಚಿನವರು ಹೇಳಿಯೇ ಇರಲಿಲ್ಲ.

ಈ ನೆಲದ ಮೇಲೆಯೇ ೧೯೯೬ರಲ್ಲಿ ಪರ್ಡ್ಯೂ ಫಾರ್ಮಾ ಎಂಬ ಕಂಪೆನಿಯು ಆಕ್ಸಿಕಾಂಟಿನ್ ಎಂಬ ಗುಳಿಗೆಯನ್ನು ಮಾರುಕಟ್ಟೆಗೆ ತಂದಿತು. ಮದ್ದು ನಿಧಾನವಾಗಿ ಕರಗುವುದರಿಂದ ದುರುಪಯೋಗದ ಭಯವು ಕಡಿಮೆಯೆಂದು ವೈದ್ಯರಿಗೆ ತಿಳಿಸಲಾಯಿತು. ನೋವನ್ನು ಕಡೆಗಣಿಸಬಾರದೆಂಬ ಸದಾಶಯವೂ ವ್ಯಾಪಾರದ ಲಾಭವೂ ಒಂದೇ ಬಂಡಿಗೆ ಹೂಡಿದ ಎತ್ತುಗಳಂತೆ ಓಡಿದುವು. ದಾರಿತಪ್ಪಿಸುವ ವಿವರಗಳೊಡನೆ ಮದ್ದನ್ನು ಮಾರಿದ ಅಪರಾಧವನ್ನು ೨೦೦೭ರಲ್ಲಿ ಆ ಕಂಪೆನಿಯ ಬಳಗವು ಒಪ್ಪಿಕೊಂಡು, ಅದೂ ಅದರ ಅಧಿಕಾರಿಗಳೂ ೬೦ ಕೋಟಿ ಡಾಲರಿಗೂ ಮಿಕ್ಕ ದಂಡವನ್ನು ತೆರಬೇಕಾಯಿತು; ೨೦೨೦ರಲ್ಲಿ ಮತ್ತೊಮ್ಮೆ ತಪ್ಪೊಪ್ಪಿಗೆಯಾಯಿತು. ಅಷ್ಟರಲ್ಲಿ ೨೦೧೨ನೆಯ ಒಂದೇ ವರ್ಷದಲ್ಲಿ ಅಮೆರಿಕದ ಔಷಧದಂಗಡಿಗಳು ಈ ವರ್ಗದ ಮದ್ದಿಗಾಗಿ ಪೂರೈಸಿದ ಚೀಟಿಗಳ ಸಂಖ್ಯೆ ೨೫ ಕೋಟಿಯನ್ನು ಮೀರಿತ್ತು.

ಹೀಗೆ ಒಗ್ಗಿಹೋದವರಲ್ಲಿ ಅನೇಕರು ಗುಳಿಗೆ ಸಿಕ್ಕದಾದಾಗ ಬೀದಿಯ ಹೆರಾಯಿನಿಗೆ ಇಳಿದರು. ಆಮೇಲೆ ಕಳ್ಳತನದಿಂದ ತಯಾರಿಸಿದ ಫೆಂಟನಿಲ್ ಬಂದಿತು. ೨೦೧೭ರಲ್ಲಿ ಈ ವರ್ಗದ ಮದ್ದುಗಳ ಅತಿಸೇವನೆಯಿಂದ ಸತ್ತವರು ೪೭,೦೦೦ಕ್ಕೂ ಹೆಚ್ಚು ಮಂದಿ.

ಬಿಗಿಹಿಡಿದುದರ ಫಲ

೨೦೧೬ರಲ್ಲಿ ಅಲ್ಲಿನ ರೋಗನಿಯಂತ್ರಣ ಕೇಂದ್ರವು ಮನೆಯ ವೈದ್ಯರಿಗೆಂದೇ ಒಂದು ಮಾರ್ಗದರ್ಶಿಯನ್ನು ಪ್ರಕಟಿಸಿತು. ದಿನದ ಅಳತೆಯು ೫೦ ಮಿಲಿಗ್ರಾಂ ಮಾರ್ಫೀನಿಗೆ ಸಮವಾದೊಡನೆ ಎಚ್ಚರವಿರಲಿ, ೯೦ನ್ನು ಮುಟ್ಟುವುದನ್ನು ಆದಷ್ಟು ತಪ್ಪಿಸಿರಿ ಎಂಬುದು ಅದರ ಸಲಹೆಗಳಲ್ಲೊಂದು. ಇದು ಸಲಹೆಯೇ ಹೊರತು ಶಾಸನವಲ್ಲ. ಆದರೂ ಅನೇಕ ಕಡೆ ಅದನ್ನು ಕಟ್ಟಪ್ಪಣೆಯಂತೆ ನಡೆಸಲಾಯಿತು. ಹತ್ತಾರು ವರ್ಷಗಳಿಂದ ವೈದ್ಯರ ಚೀಟಿಯಂತೆಯೇ ಗುಳಿಗೆ ತೆಗೆದುಕೊಳ್ಳುತ್ತಿದ್ದವರಿಗೆ ಒಮ್ಮೆಲೇ ಕೈಯೆತ್ತಿದರು. ದೇಹವು ಒಗ್ಗಿದ ಮದ್ದನ್ನು ಥಟ್ಟನೆ ನಿಲ್ಲಿಸಿದರೆ ನಡುಕ, ಬೆವರು, ವಾಂತಿ, ಭೇದಿ, ನಿದ್ರಾಭಂಗಗಳು ಕಾಡುತ್ತವೆ, ಹಳೆಯ ನೋವು ಹಿಂತಿರುಗುತ್ತದೆ, ಮನಸ್ಸು ಕುಸಿಯುತ್ತದೆ. ಹಾಗೆ ಥಟ್ಟನೆ ನಿಲ್ಲಿಸುವುದು ಅಪಾಯವೆಂದೂ, ಆತ್ಮಹತ್ಯೆಗಳೂ ವರದಿಯಾಗಿವೆಯೆಂದೂ ೨೦೧೯ರ ಏಪ್ರಿಲಿನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವೇ ಎಚ್ಚರಿಕೆ ಕೊಡಬೇಕಾಯಿತು. ೨೦೨೨ರಲ್ಲಿ ಮಾರ್ಗದರ್ಶಿಯನ್ನು ತಿದ್ದಿ, ಅಂಕಿಗಳು ಬಗ್ಗದ ಕಟ್ಟಳೆಗಳಲ್ಲವೆಂದೂ ವೈದ್ಯರು ಒಬ್ಬೊಬ್ಬ ರೋಗಿಯನ್ನೂ ನೋಡಿ ನಿರ್ಣಯಿಸಬೇಕೆಂದೂ ಬರೆದರು.

ಕೊಡುವಾಗ ಲಘುವಾಗಿ ಕೊಟ್ಟದ್ದು ಮೊದಲನೆಯ ತಪ್ಪು. ನಿಲ್ಲಿಸುವಾಗ ನಿಷ್ಠುರವಾಗಿ ನಿಲ್ಲಿಸಿದ್ದು ಎರಡನೆಯದು. ಎರಡರ ಬೇರೂ ಒಂದೇ ಎಂದು ನಮಗೆ ತೋರುತ್ತದೆ. ಎರಡು ಕಾಲದಲ್ಲಿಯೂ ವೈದ್ಯರು ಗುಳಿಗೆಯನ್ನು ನೋಡಿದರೇ ವಿನಾ ಎದುರಿಗೆ ಕುಳಿತ ಮನುಷ್ಯನನ್ನು ನೋಡಲಿಲ್ಲ.

ಮಿನಿಯಾಪೊಲಿಸಿನ ಪರೀಕ್ಷೆ

ಇಷ್ಟಕ್ಕೂ ಬಹುಕಾಲದ ಸೊಂಟನೋವಿಗೂ ಮಂಡಿನೋವಿಗೂ ಈ ಮದ್ದು ಉಳಿದುವಕ್ಕಿಂತ ಮೇಲೇ? ಮಿನಿಯಾಪೊಲಿಸಿನಲ್ಲಿ ನಿವೃತ್ತ ಸೈನಿಕರ ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿ ಡಾಕ್ಟರ್ ಎರಿನ್ ಕ್ರೆಬ್ಸ್ ಎಂಬುವರೂ ಅವರ ಸಂಗಡಿಗರೂ ಇದನ್ನು ಪರೀಕ್ಷಿಸಿ ನೋಡಿದರು. ಬೆನ್ನು, ಸೊಂಟದ ಕೀಲು ಇಲ್ಲವೆ ಮಂಡಿಯ ಹಳೆಯ ನೋವಿದ್ದ ೨೪೦ ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಓಪಿಯಾಯ್ಡುಗಳನ್ನೂ ಮತ್ತೊಂದಕ್ಕೆ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮೊದಲಾದ ಸಾಮಾನ್ಯ ಮದ್ದುಗಳನ್ನೂ ಕೊಟ್ಟರು. ೨೦೧೮ರಲ್ಲಿ ಫಲಿತಾಂಶವು ಹೊರಬಿದ್ದಿತು. ಹನ್ನೆರಡು ತಿಂಗಳ ಕೊನೆಯಲ್ಲಿ ನಿತ್ಯದ ಓಡಾಟ ಕೆಲಸಗಳಲ್ಲಿ ಎರಡು ಪಾಲಿಗೂ ವ್ಯತ್ಯಾಸವಿರಲಿಲ್ಲ. ಹತ್ತರ ಅಳತೆಯಲ್ಲಿ ನೋವು ಓಪಿಯಾಯ್ಡಿನವರಲ್ಲಿ ೪, ಮತ್ತೊಂದು ಪಾಲಿನಲ್ಲಿ ೩.೫, ಅಂದರೆ ಸಾಮಾನ್ಯ ಮದ್ದಿನವರೇ ತುಸು ಮೇಲು. ಮದ್ದಿನ ಉಪದ್ರವಗಳು ಮಾತ್ರ ಓಪಿಯಾಯ್ಡಿನವರಲ್ಲಿ ಹೆಚ್ಚಾಗಿದ್ದುವು.

ಇದಕ್ಕೆ ಕಾರಣವನ್ನು ತಿಳಿಯುವುದು ಕಷ್ಟವಲ್ಲ. ಈ ಮದ್ದು ಮಿದುಳು, ಬೆನ್ನುಹುರಿ, ಕರುಳುಗಳಲ್ಲಿರುವ ಕೆಲವು ಗ್ರಾಹಕಗಳಿಗೆ ಅಂಟಿಕೊಂಡು ನೋವಿನ ಸುದ್ದಿಯನ್ನು ತಡೆಯುತ್ತದೆ. ದಿನ ಕಳೆದಂತೆ ದೇಹವು ಅದಕ್ಕೆ ಒಗ್ಗಿ, ಮೊದಲಿನ ಅಳತೆಯು ಸಾಲದಾಗುತ್ತದೆ. ಅಳತೆಯು ಏರಿದಂತೆ ಉಸಿರಾಟವನ್ನು ನಡೆಸುವ ಮಿದುಳಿನ ಭಾಗವೂ ಮಂಕಾಗುತ್ತದೆ. ಅತಿಸೇವನೆಯಿಂದ ಸಾಯುವವರು ಸಾಯುವುದು ಉಸಿರು ನಿಂತು.

ಜಾಗರೂಕರಾದ ವೈದ್ಯರ ಪದ್ಧತಿ

ಈ ಅನುಭವಗಳಿಂದ ರೂಪುಗೊಂಡ ಕ್ರಮವು ಸರಳವಾಗಿಯೇ ಇದೆ. ಬಹುಕಾಲದ ನೋವಿಗೆ ಮೊದಲು ವ್ಯಾಯಾಮ, ಅಂಗಸಾಧನೆಯ ಚಿಕಿತ್ಸೆ, ತೂಕವನ್ನು ಇಳಿಸುವುದು, ಮನಸ್ಸಿನ ಚಿಕಿತ್ಸೆ, ಸಾಮಾನ್ಯ ನೋವುಮದ್ದು, ಇವನ್ನು ನೋಡತಕ್ಕದ್ದು. ಓಪಿಯಾಯ್ಡು ಬೇಕೇ ಆದರೆ, ಏನನ್ನು ಸಾಧಿಸಲು ಕೊಡುತ್ತಿದ್ದೇವೆ, ಸಾಧಿಸದಿದ್ದರೆ ಹೇಗೆ ನಿಲ್ಲಿಸುತ್ತೇವೆ ಎಂಬುದನ್ನು ಮೊದಲ ದಿನವೇ ರೋಗಿಯೊಡನೆ ಮಾತಾಡತಕ್ಕದ್ದು. ಅತ್ಯಲ್ಪ ಅಳತೆಯಿಂದ ತೊಡಗಿ, ಒಂದರಿಂದ ನಾಲ್ಕು ವಾರಗಳೊಳಗೆ ಮರಳಿ ನೋಡತಕ್ಕದ್ದು. ನಿದ್ರೆಯ ಗುಳಿಗೆಗಳೊಡನೆ ಇದನ್ನು ಕೂಡಿಸುವಲ್ಲಿ ವಿಶೇಷ ಎಚ್ಚರ ಬೇಕು. ಅಪಾಯ ಹೆಚ್ಚಿರುವವರ ಮನೆಯಲ್ಲಿ, ನಿಂತ ಉಸಿರನ್ನು ಮರಳಿಸಬಲ್ಲ ನಲೋಕ್ಸೋನ್ ಎಂಬ ಪ್ರತಿಮದ್ದನ್ನು ಇರಿಸತಕ್ಕದ್ದು. ೨೦೨೩ರಿಂದ ಅಮೆರಿಕದಲ್ಲಿ ಮೂಗಿಗೆ ಸಿಂಪಡಿಸುವ ಈ ಮದ್ದು ಚೀಟಿಯಿಲ್ಲದೆಯೂ ದೊರೆಯುತ್ತದೆ.

ನೋವನ್ನು ಅಳೆಯುವುದಕ್ಕೂ ಮೂರು ಪ್ರಶ್ನೆಗಳ ಒಂದು ಚಿಕ್ಕ ಸಾಧನವಿದೆ. ಕಳೆದ ವಾರದಲ್ಲಿ ನೋವು ಸರಾಸರಿ ಎಷ್ಟಿತ್ತು? ಬಾಳಿನ ಸಂತೋಷಕ್ಕೆ ಅದು ಎಷ್ಟು ಅಡ್ಡಬಂದಿತು? ನಿತ್ಯದ ಕೆಲಸಕ್ಕೆ ಎಷ್ಟು ಅಡ್ಡಬಂದಿತು? ಸೊನ್ನೆಯಿಂದ ಹತ್ತರವರೆಗೆ ರೋಗಿಯೇ ಅಂಕಿಗಳನ್ನು ಹೇಳುತ್ತಾನೆ. ಮೂರರಲ್ಲಿ ಎರಡು ಪ್ರಶ್ನೆಗಳು ನೋವನ್ನಲ್ಲ, ಬದುಕನ್ನು ಕುರಿತುವು ಎಂಬುದನ್ನು ವಾಚಕರು ಗಮನಿಸಬೇಕು. ನೋವು ಪೂರ್ತಿ ಹೋಗದಿದ್ದರೂ ಅಜ್ಜಿಯು ದೇವಸ್ಥಾನದವರೆಗೆ ನಡೆದು ಬರುವಂತಾದರೆ ಚಿಕಿತ್ಸೆ ಗೆದ್ದಿತು. ಗುಳಿಗೆಗಳು ಹೆಚ್ಚಿದರೂ ಆಕೆ ಮಂಚ ಬಿಟ್ಟು ಏಳದಿದ್ದರೆ ಸೋತಿತು.

ಈಗಾಗಲೇ ಬಹುಕಾಲದಿಂದ ಮದ್ದು ತೆಗೆದುಕೊಳ್ಳುತ್ತಿರುವವರಿಗೆ ಅಳತೆಯನ್ನು ಇಳಿಸಬೇಕಾದರೆ, ಅವರ ಸಮ್ಮತಿಯಿಂದ, ತಿಂಗಳುಗಟ್ಟಲೆ ಕಾಲಾವಕಾಶದಿಂದ ಮೆಲ್ಲಮೆಲ್ಲನೆ ಇಳಿಸತಕ್ಕದ್ದು. ಚಟವೇ ಅಂಟಿದೆಯೆಂದು ಕಂಡಲ್ಲಿ ಅದನ್ನು ರೋಗವೆಂದೇ ತಿಳಿದು ಬುಪ್ರೆನಾರ್ಫಿನ್ ಮೊದಲಾದ ಚಿಕಿತ್ಸೆಯನ್ನು ಕೊಡಿಸಬೇಕೇ ಹೊರತು ರೋಗಿಯನ್ನು ಹೊರಗಟ್ಟಬಾರದು.

ಗೃಹಸ್ಥರ ಪಾಲಿನ ಕರ್ತವ್ಯ

ನಮ್ಮ ದೇಶದ ಸ್ಥಿತಿಯು ಬೇರೆ. ೧೯೮೫ರ ಮಾದಕದ್ರವ್ಯಗಳ ಶಾಸನದ ಬಿಗಿಯಿಂದ ಕ್ಯಾನ್ಸರಿನ ರೋಗಿಗಳಿಗೂ ಮಾರ್ಫೀನು ದೊರೆಯದೆ ಹೋದ ವರ್ಷಗಳು ಕಳೆದಿವೆ. ೨೦೧೪ರ ತಿದ್ದುಪಡಿಯು ಆ ತೊಡಕನ್ನು ಸಡಿಲಿಸಿತು. ಅದಕ್ಕೂ ಮೊದಲೇ, ೧೯೯೩ರಲ್ಲಿ, ಕೇರಳದ ಕೋಳಿಕ್ಕೋಡಿನಲ್ಲಿ ಡಾಕ್ಟರ್ ಎಂ. ಆರ್. ರಾಜಗೋಪಾಲರೂ ಅವರ ಸಂಗಡಿಗರೂ ನೋವುಶಮನದ ಸಂಘವನ್ನು ಕಟ್ಟಿ ದಾರಿ ತೋರಿದ್ದರು. ಇನ್ನೊಂದು ಕಡೆ, ಹಗುರವಾದುದೆಂದು ಎಲ್ಲೆಡೆಯೂ ಬಳಕೆಯಲ್ಲಿದ್ದ ಟ್ರಮಡಾಲಿನ ದುರುಪಯೋಗವನ್ನು ಕಂಡು ೨೦೧೮ರಲ್ಲಿ ಅದನ್ನೂ ಈ ಶಾಸನದೊಳಗೆ ತಂದರು. ಬೇಕಾದವರಿಗೆ ಸಿಕ್ಕದಿರುವುದು, ಬೇಡದವರಿಗೆ ಸಿಕ್ಕುವುದು, ಈ ಎರಡನ್ನೂ ತಪ್ಪಿಸಬೇಕಾದ ಹೊಣೆ ನಮ್ಮಲ್ಲಿಯೂ ಇದೆ.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಹೊಸ ನೋವುಮದ್ದನ್ನು ಬರೆದುಕೊಟ್ಟಾಗ ಅದು ಈ ವರ್ಗದ್ದೇ, ಎಷ್ಟು ದಿನಕ್ಕೆ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ. ಮದ್ಯವನ್ನೂ ನಿದ್ರೆಯ ಗುಳಿಗೆಯನ್ನೂ ಜೊತೆಗೂಡಿಸಬೇಡಿರಿ. ಮಲಬದ್ಧತೆಯು ಖಂಡಿತವೆನ್ನುವಷ್ಟು ಸಾಮಾನ್ಯವಾದುದರಿಂದ ಅದಕ್ಕೂ ಉಪಾಯವನ್ನು ಕೇಳಿಕೊಳ್ಳಿರಿ. ಉಳಿದ ಗುಳಿಗೆಗಳನ್ನು ನೆರೆಮನೆಯವರ ಸೊಂಟನೋವಿಗೆ ದಾನಮಾಡಬೇಡಿರಿ. ಮಕ್ಕಳ ಕೈಗೆ ಎಟುಕದಂತೆ ಬೀಗದೊಳಗಿಡಿರಿ. ಮದ್ದು ಸೇವಿಸಿದವರು ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿದರೆ ಕ್ಷಣವೂ ತಡೆಯದೆ ೧೦೮ಕ್ಕೆ ಕರೆಮಾಡಿರಿ. ಬಹುದಿನದಿಂದ ತೆಗೆದುಕೊಳ್ಳುತ್ತಿದ್ದರೆ ಯಾರದೋ ಮಾತಿಗೆ ಹೆದರಿ, ಈ ಲೇಖನವನ್ನೇ ಓದಿ ಹೆದರಿ, ನೀವಾಗಿಯೇ ನಿಲ್ಲಿಸಬೇಡಿರಿ. ಮೊದಲು ವೈದ್ಯರ ಬಳಿಗೆ ಹೋಗಿರಿ.

ಅತಿಯಾದರೆ ಅಮೃತವೂ ವಿಷವೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಆಡಿದವರಲ್ಲ. ಈ ಮದ್ದಿನ ವಿಷಯದಲ್ಲಿ ಅಳತೆಯನ್ನು ಕಾಯುವುದು ಅಂಗಡಿಯ ತಕ್ಕಡಿಯಲ್ಲ. ರೋಗಿಯ ಮನೆಯನ್ನೂ ಕೆಲಸವನ್ನೂ ನಿದ್ರೆಯನ್ನೂ ದುಃಖವನ್ನೂ ಬಲ್ಲ ವೈದ್ಯರ ಕಣ್ಣು. ಅಂತಹವರೊಬ್ಬರ ಪರಿಚಯವನ್ನು, ನೋವಿಲ್ಲದ ದಿನಗಳಲ್ಲಿಯೇ, ಪ್ರತಿಯೊಂದು ಮನೆಯವರೂ ಮಾಡಿಕೊಂಡಿರುವುದು ಲೇಸು.